ಹತ್ತು ಪುಸ್ತಕ, ಒಂದೇ ಸಾಕ್ಷಿ

ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸಿದ್ಧವಾಗುವ ಸಂಶೋಧನ ಪ್ರಬಂಧಗಳನ್ನು ಓದುವವರಿಗೆ ಒಂದು ವಾಕ್ಯದ ಪರಿಚಯ ಚೆನ್ನಾಗಿಯೇ ಇರುತ್ತದೆ. ಅದು 'ಇಂಥವರ ಪ್ರಕಾರ' ಎಂದು ಶುರುವಾಗಿ 'ಎಂದು ಅಭಿಪ್ರಾಯಪಟ್ಟಿದ್ದಾರೆ' ಎಂದು ಮುಗಿಯುತ್ತದೆ. ಅದರ ಬೆನ್ನಿಗೇ ಇನ್ನೊಬ್ಬ ವಿದ್ವಾಂಸರ ಪ್ರಕಾರ, ಆಮೇಲೆ ಮತ್ತೊಬ್ಬರ ಪ್ರಕಾರ. ಹೀಗೆ ಹದಿನೈದು ಇಪ್ಪತ್ತು ಪುಟ. ಪಡಿತರ ಅಂಗಡಿಯ ಮುಂದೆ ಸರದಿ ನಿಂತವರಂತೆ ವಿದ್ವಾಂಸರು ಒಬ್ಬರ ಹಿಂದೆ ಒಬ್ಬರು ನಿಂತಿರುತ್ತಾರೆ. ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುವುದಿಲ್ಲ. ಕೊನೆಗೆ 'ಮೇಲಿನ ಎಲ್ಲ ಅಭಿಪ್ರಾಯಗಳಿಂದ ತಿಳಿದುಬರುವುದೇನೆಂದರೆ' ಎಂದು ಒಂದು ಸಾಲು ಬರುತ್ತದೆ. ಆ ಸಾಲಿನಲ್ಲಿ ಹೇಳಿದ್ದು ಅನೇಕ ಸಲ ಮೇಲಿನ ಯಾವ ಅಭಿಪ್ರಾಯದಿಂದಲೂ ತಿಳಿದುಬಂದಿರುವುದಿಲ್ಲ. ಪ್ರಬಂಧ ಶುರು ಮಾಡುವ ಮೊದಲೇ ವಿದ್ಯಾರ್ಥಿ ಮನೆಯಿಂದಲೋ ಓಣಿಯಿಂದಲೋ ತಂದುಕೊಂಡ ತೀರ್ಮಾನ ಅದು.

ಆಕರಗಳನ್ನು ಕೂಡಿಸಿ ನೋಡುವ ಕೆಲಸಕ್ಕೆ ಸಂಶೋಧನೆಯ ಪಾಠಗಳಲ್ಲಿ ಸಂಶ್ಲೇಷಣೆ ಎಂಬ ಭಾರವಾದ ಹೆಸರಿದೆ. ಹೆಸರು ಭಾರವಾದರೂ ಕೆಲಸ ನಮಗೆ ಹೊಸದೇನಲ್ಲ. ಊರಿನಲ್ಲಿ ಒಂದು ಜಗಳವಾದರೆ ಹಿರಿಯರು ಪಂಚಾಯ್ತಿಗೆ ಕೂರುತ್ತಾರೆ. ಯಾರು ಕಣ್ಣಾರೆ ಕಂಡವರು, ಯಾರು ಬರೀ ಕೇಳಿದವರು, ಕೇಳಿದವರು ಯಾರ ಬಾಯಿಂದ ಕೇಳಿದರು, ಯಾರಿಗೆ ಯಾರ ಮೇಲೆ ಹಳೆಯ ಸಿಟ್ಟಿದೆ, ಯಾರು ಯಾರ ಅನ್ನದ ಋಣದಲ್ಲಿದ್ದಾರೆ ಎಂಬುದನ್ನೆಲ್ಲ ಅವರು ತೂಗುತ್ತಾರೆ. ಹತ್ತು ಜನ ಬಂದು ಒಂದೇ ಮಾತು ಹೇಳಿದರೂ ಆ ಹತ್ತೂ ಜನರಿಗೆ ಹೇಳಿಕೊಟ್ಟವನು ಒಬ್ಬನೇ ಎಂದು ಗೊತ್ತಾದರೆ ಅದನ್ನು ಒಂದೇ ಸಾಕ್ಷಿ ಎಂದು ಎಣಿಸುತ್ತಾರೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ಹುಟ್ಟಿದ ನಾಡು ನಮ್ಮದು. ಓದು ಬರಹ ಬಾರದ ಹಿರಿಯರಿಗೆ ಗೊತ್ತಿದ್ದ ಈ ವಿವೇಕ ಸ್ನಾತಕೋತ್ತರ ಪದವಿಯ ವಿದ್ಯಾರ್ಥಿಗೆ ಏಕೆ ದಕ್ಕುತ್ತಿಲ್ಲ ಎಂಬುದು ನಮ್ಮನ್ನು ಕಾಡುವ ಪ್ರಶ್ನೆ.

ಮಾತು ಗಾಳಿಯಲ್ಲಿ ತೇಲಬಾರದು. ಆದ್ದರಿಂದ ಒಂದು ವಿಷಯವನ್ನು ಎತ್ತಿಕೊಳ್ಳೋಣ. ಕರ್ನಾಟಕದ ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ಮತ್ತೆ ಮತ್ತೆ ಆರಿಸಿಕೊಳ್ಳುವ ವಿಷಯ ಅದು: 1565ರ ಜನವರಿಯಲ್ಲಿ ನಡೆದ, ತಾಳಿಕೋಟೆಯ ಯುದ್ಧವೆಂದು ಹೆಸರಾದ ಕಾಳಗ. ಒಂದು ಕಡೆ ವಿಜಯನಗರದ ಅಳಿಯ ರಾಮರಾಯ. ಇನ್ನೊಂದು ಕಡೆ ವಿಜಾಪುರದ ಅಲಿ ಆದಿಲಶಾಹ, ಅಹಮದನಗರದ ಹುಸೇನ್ ನಿಜಾಮಶಾಹ, ಗೋಲ್ಕೊಂಡದ ಇಬ್ರಾಹಿಂ ಕುತುಬಶಾಹ, ಬೀದರಿನ ಅಲಿ ಬರೀದಶಾಹ. ರಾಮರಾಯ ಸೆರೆ ಸಿಕ್ಕಿ ಹತನಾದ. ರಾಜಧಾನಿ ಕೊಳ್ಳೆ ಹೋಯಿತು. ಇಷ್ಟರಲ್ಲಿ ಭಿನ್ನಾಭಿಪ್ರಾಯವಿಲ್ಲ. ಇದರಾಚೆಗೆ ಏಕೆ ಆಯಿತು, ಹೇಗೆ ಆಯಿತು, ಆಮೇಲೆ ಏನಾಯಿತು ಎಂದು ಕೇಳಿದ ತಕ್ಷಣ ಆಕರಗಳ ಕೆಲಸ ಶುರುವಾಗುತ್ತದೆ. ಯುದ್ಧದ ಹೆಸರಿನಿಂದಲೇ ಶುರುವಾಗುತ್ತದೆ ಎನ್ನಬೇಕು. ತಾಳಿಕೋಟೆ ಇರುವುದು ಕೃಷ್ಣಾ ನದಿಯ ಉತ್ತರಕ್ಕೆ, ಡೋಣಿ ನದಿಯ ದಂಡೆಯಲ್ಲಿ. ಅದು ಸುಲ್ತಾನರ ದಂಡು ಬೀಡುಬಿಟ್ಟ ಊರು. ಕಾಳಗ ನಡೆದದ್ದು ನದಿ ದಾಟಿದ ಮೇಲೆ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ರಕ್ಕಸಗಿ-ತಂಗಡಗಿ ಎಂಬ ಹೆಸರೂ ಬಳಕೆಯಲ್ಲಿದೆ, ಬನ್ನಿಹಟ್ಟಿ ಎಂಬ ಹೆಸರೂ ಇದೆ. ನಾವು ನೋಡಿದ ಪ್ರಬಂಧಗಳಲ್ಲಿ ಈ ಮೂರು ಹೆಸರುಗಳನ್ನು ಒಂದೇ ಪ್ಯಾರಾದಲ್ಲಿ ಬಳಸಿ, ಅವು ಬೇರೆ ಬೇರೆ ಊರುಗಳೆಂಬ ಸುಳಿವನ್ನೂ ಕೊಡದೆ ಮುಂದೆ ಹೋದವುಗಳೇ ಹೆಚ್ಚು.

ವಿದ್ಯಾರ್ಥಿ ಸಾಮಾನ್ಯವಾಗಿ ಮಾಡುವುದು ಇಷ್ಟು. ಗ್ರಂಥಾಲಯದಲ್ಲಿ ಸಿಕ್ಕ ಏಳೆಂಟು ಪುಸ್ತಕಗಳಿಂದ ಯುದ್ಧದ ವಿವರಣೆಯನ್ನು ಎತ್ತಿಕೊಳ್ಳುತ್ತಾನೆ. ಎಲ್ಲದರಲ್ಲೂ ಕಥೆ ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ. 'ಹಲವು ವಿದ್ವಾಂಸರು ಒಪ್ಪಿರುವಂತೆ' ಎಂದು ಬರೆದು ಏಳೆಂಟು ಅಡಿಟಿಪ್ಪಣಿ ಹಾಕುತ್ತಾನೆ. ಪರೀಕ್ಷಕರಿಗೂ ಸಮಾಧಾನವಾಗುತ್ತದೆ, ಟಿಪ್ಪಣಿಗಳು ಬೇಕಾದಷ್ಟಿವೆ. ಆದರೆ ಆ ಪುಸ್ತಕಗಳ ಬೆನ್ನು ಹಿಡಿದು ಹಿಂದಕ್ಕೆ ನಡೆದರೆ ಏನು ಕಾಣುತ್ತದೆ? ಇಪ್ಪತ್ತನೆಯ ಶತಮಾನದ ಪಠ್ಯಪುಸ್ತಕಗಳಲ್ಲಿ ಬಹಳಷ್ಟು ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದ ಮೇಲೆ ನಿಂತಿವೆ. ಅದು ಕನ್ನಡಕ್ಕೂ ಅನುವಾದವಾಗಿದೆ. ಸೀವೆಲ್ ಯುದ್ಧದ ವಿವರಣೆಗೆ ಹೆಚ್ಚಾಗಿ ನೆಚ್ಚಿಕೊಂಡದ್ದು ಫರಿಶ್ತಾನನ್ನು, ಜೊತೆಗೆ ಪೋರ್ಚುಗೀಸ್ ಚರಿತ್ರಕಾರ ದಿಯೊಗೊ ದೊ ಕೂಟೊನನ್ನು, ವೆನಿಸ್ಸಿನ ವ್ಯಾಪಾರಿ ಸೆಸಾರೆ ಫೆದೆರಿಚಿಯನ್ನು. ಫರಿಶ್ತಾನ ಪಾರಸಿ ಗ್ರಂಥದ ದಖನ್ ಭಾಗವನ್ನು ಜೊನಾಥನ್ ಸ್ಕಾಟ್ 1794ರಲ್ಲಿ, ಇಡೀ ಗ್ರಂಥವನ್ನು ಜಾನ್ ಬ್ರಿಗ್ಸ್ 1829ರಲ್ಲಿ ಇಂಗ್ಲಿಷಿಗೆ ತಂದರು. ಹಾಗಾದರೆ ಏಳೆಂಟು ಅಡಿಟಿಪ್ಪಣಿಗಳೂ ಸುತ್ತಿ ಬಳಸಿ ಬಂದು ಕೂರುವುದು ಒಬ್ಬನ ಮುಂದೆಯೇ. ವಿದ್ಯಾರ್ಥಿ ಹತ್ತು ಪುಸ್ತಕ ಎಣಿಸಿದ್ದಾನೆ, ಸಾಕ್ಷಿ ಮಾತ್ರ ಒಂದೇ.

ಆ ಒಬ್ಬ ಸಾಕ್ಷಿ ಯಾರು? ಮುಹಮ್ಮದ್ ಕಾಸಿಂ ಫರಿಶ್ತಾ ಕ್ಯಾಸ್ಪಿಯನ್ ಸಮುದ್ರದ ಕಡೆಯ ಅಸ್ತ್ರಾಬಾದಿನವನು. ಚಿಕ್ಕಂದಿನಲ್ಲಿ ಅಹಮದನಗರಕ್ಕೆ ಬಂದವನು. ವಿಜಾಪುರಕ್ಕೆ ಬಂದದ್ದು 1589ರಲ್ಲಿ, ಯುದ್ಧ ಮುಗಿದು 24 ವರ್ಷಗಳಾದ ಮೇಲೆ. ಎರಡನೆಯ ಇಬ್ರಾಹಿಂ ಆದಿಲಶಾಹನ ಇಚ್ಛೆಯಂತೆ ಬರೆದ. ಗ್ರಂಥಕ್ಕೆ 'ಗುಲ್ಶನೆ ಇಬ್ರಾಹಿಮಿ' ಎಂಬ ಹೆಸರು ಬಂದದ್ದೂ ಆ ಕಾರಣಕ್ಕೇ. ಕಾಳಗವನ್ನು ಅವನು ಕಂಡವನಲ್ಲ. ಹಾಗೆಂದು ಅವನನ್ನು ಪಕ್ಕಕ್ಕೆ ಸರಿಸುವಂತೆಯೂ ಇಲ್ಲ. ಅವನು ಶ್ರದ್ಧೆಯ ಚರಿತ್ರಕಾರ. ತಾನು ಓದಿದ ಮೂವತ್ತಕ್ಕೂ ಹೆಚ್ಚು ಗ್ರಂಥಗಳ ಹೆಸರನ್ನು ಪೀಠಿಕೆಯಲ್ಲಿ ಕೊಟ್ಟಿದ್ದಾನೆ. ನಾಲ್ಕು ನೂರು ವರ್ಷಗಳ ಹಿಂದೆ ಅವನು ಪಾಲಿಸಿದ ಶಿಸ್ತನ್ನು ನಮ್ಮ ಪ್ರಬಂಧಕಾರರಲ್ಲಿ ಎಷ್ಟು ಜನ ಪಾಲಿಸುತ್ತಾರೆ ಎಂದು ಕೇಳಿಕೊಳ್ಳಬಹುದು. ಅವನು ವಿಜಾಪುರದ ಆಸ್ಥಾನದಲ್ಲಿ ಕೂತು, ವಿಜಾಪುರದ ಅರಸನ ಆಶ್ರಯದಲ್ಲಿ, ಕೇಳಿದ್ದನ್ನೂ ಓದಿದ್ದನ್ನೂ ಸೇರಿಸಿ ಬರೆದವನು ಎಂಬ ನೆನಪು ಇಟ್ಟುಕೊಂಡೇ ಅವನನ್ನು ಓದಬೇಕು.

ಹಾಗೆ ಓದಿದರೆ ಏನು ಸಿಗುತ್ತದೆ ನೋಡಿ. ಯುದ್ಧಕ್ಕೆ ಕಾರಣ ಹೇಳುವಾಗ ಫರಿಶ್ತಾ ಎರಡು ಸಂಗತಿ ಹೇಳುತ್ತಾನೆ. ಮೊದಲನೆಯದು, ಅಹಮದನಗರದ ಮೇಲೆ ದಂಡೆತ್ತಿ ಹೋದಾಗ ರಾಮರಾಯನ ಸೈನಿಕರು ಮಸೀದಿಗಳಿಗೂ ಮುಸ್ಲಿಮರಿಗೂ ಅವಮಾನ ಮಾಡಿದರು ಎಂಬುದು. ಎರಡನೆಯದು, ಅಲಿ ಆದಿಲಶಾಹ ಯುದ್ಧಕ್ಕೆ ಮೊದಲು ರಾಮರಾಯನಿಗೆ ದೂತನನ್ನು ಕಳಿಸಿ ರಾಯಚೂರು, ಮುದಗಲ್ಲು, ಬಾಗಲಕೋಟೆ ಮುಂತಾದ ಕೋಟೆಗಳನ್ನು ಹಿಂದಿರುಗಿಸುವಂತೆ ಕೇಳಿದ, ರಾಮರಾಯ ಒಪ್ಪಲಿಲ್ಲ ಎಂಬುದು. ಒಂದು ಧರ್ಮದ ಮಾತು, ಇನ್ನೊಂದು ಕೃಷ್ಣಾ-ತುಂಗಭದ್ರೆಗಳ ನಡುವಿನ ನೆಲದ ಮಾತು. 'ಇದು ಧರ್ಮಯುದ್ಧ' ಎಂದು ಬರೆಯುವ ವಿದ್ಯಾರ್ಥಿ ಮೊದಲನೆಯದನ್ನು ಎತ್ತಿಕೊಂಡು ಫರಿಶ್ತಾನ ಹೆಸರು ಹಾಕುತ್ತಾನೆ. 'ಇದಕ್ಕೂ ಧರ್ಮಕ್ಕೂ ಸಂಬಂಧವೇ ಇಲ್ಲ' ಎಂದು ಬರೆಯುವ ವಿದ್ಯಾರ್ಥಿ ಎರಡನೆಯದನ್ನು ಎತ್ತಿಕೊಂಡು ಅದೇ ಫರಿಶ್ತಾನ ಹೆಸರು ಹಾಕುತ್ತಾನೆ. ಇಬ್ಬರ ಅಡಿಟಿಪ್ಪಣಿಯೂ ಸರಿಯಾಗಿಯೇ ಇರುತ್ತದೆ. ಇಬ್ಬರೂ ಆಕರಕ್ಕೆ ಮೋಸ ಮಾಡಿರುತ್ತಾರೆ.

ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಅಹಮದನಗರದ ಮೇಲೆ ಹೋದ ಆ ದಂಡಿನಲ್ಲಿ ರಾಮರಾಯ ಒಬ್ಬನೇ ಇರಲಿಲ್ಲ. ವಿಜಾಪುರದ ಅಲಿ ಆದಿಲಶಾಹನೇ ಅವನನ್ನು ಕರೆದುಕೊಂಡು ಹೋಗಿದ್ದ. ರಾಮರಾಯನ ಮಗ ಸತ್ತಾಗ ಅಲಿ ತಾನೇ ವಿಜಯನಗರಕ್ಕೆ ಹೋಗಿ ಸಂತಾಪ ಹೇಳಿದ್ದ, ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಿದ್ದಳು ಎಂದು ಬರೆದವನೂ ಫರಿಶ್ತಾನೇ. ಆರೇಳು ವರ್ಷಗಳಲ್ಲಿ ಆ ಮಗನೇ ಎದುರು ಪಾಳೆಯದಲ್ಲಿ ನಿಂತ. ಅಹಮದನಗರದ ಚಾಂದಬೀಬಿಯನ್ನು ಮದುವೆಯಾದ, ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು. ಈ ತಿರುವನ್ನು ವಿಜಾಪುರದ ಆಸ್ಥಾನದ ಬರಹಗಾರ ಸಮರ್ಥಿಸಬೇಕಾಗಿತ್ತೇ? ಧರ್ಮದ ಅವಮಾನದ ಮಾತಿಗೆ ಆ ಸಮರ್ಥನೆಯಲ್ಲಿ ಎಷ್ಟು ಪಾಲು? ಖಂಡಿತವಾದ ಉತ್ತರ ಸಿಗದಿರಬಹುದು. ಆದರೆ ಪ್ರಶ್ನೆ ಕೇಳಿದ ಪ್ರಬಂಧಕ್ಕೂ ಕೇಳದ ಪ್ರಬಂಧಕ್ಕೂ ಅಜಗಜಾಂತರವಿದೆ.

ಒಬ್ಬ ಸಾಕ್ಷಿಯನ್ನು ತೂಗಿದ ಮೇಲೆ ಉಳಿದವರನ್ನು ಕರೆಯಬೇಕು. ಅಹಮದನಗರದ ಆಸ್ಥಾನದಲ್ಲಿ ಸಯ್ಯದ್ ಅಲಿ ತಬಾತಬಾ 1590ರ ದಶಕದಲ್ಲಿ 'ಬುರ್ಹಾನೆ ಮಆಸಿರ್' ಬರೆದ. ವಿಜಾಪುರದಲ್ಲಿಯೇ ರಫೀಉದ್ದೀನ್ ಶೀರಾಜಿ 'ತಜ್ಕಿರತುಲ್ ಮುಲೂಕ್' ಬರೆದ. ಅವನು ಅಲಿ ಆದಿಲಶಾಹನ ಕಾಲದಲ್ಲಿಯೇ ಸೇವೆಯಲ್ಲಿದ್ದವನು. ಗೋಲ್ಕೊಂಡದ ಕುತುಬಶಾಹಿಗಳ ಚರಿತ್ರೆಯೊಂದು 1617ರ ಸುಮಾರಿಗೆ ಸಿದ್ಧವಾಯಿತು. ಇವರಲ್ಲಿ ಪ್ರತಿಯೊಬ್ಬನೂ ತನ್ನ ಒಡೆಯನ ಮನೆತನವನ್ನು ಮುಂದೆ ನಿಲ್ಲಿಸಿ ಮಾತಾಡುತ್ತಾನೆ. 'ಮುಸ್ಲಿಂ ಚರಿತ್ರಕಾರರು ಹೀಗೆ ಹೇಳುತ್ತಾರೆ' ಎಂದು ಒಂದೇ ಕಟ್ಟು ಕಟ್ಟಿ ಬರೆಯುವವರು ಈ ಅರಸರು ಒಬ್ಬರ ಮೇಲೊಬ್ಬರು ಕತ್ತಿ ಮಸೆಯುತ್ತಿದ್ದವರು, ಅವರ ಬರಹಗಾರರೂ ಹಾಗೆಯೇ ಎಂಬುದನ್ನು ಮರೆಯುತ್ತಾರೆ. ಮರೆಯದಿದ್ದರೆ ಒಂದು ಲಾಭವಿದೆ. ಪರಸ್ಪರ ಆಗದವರು ಒಂದು ಸಂಗತಿಯನ್ನು ಒಪ್ಪಿಕೊಂಡರೆ ಆ ಒಪ್ಪಿಗೆಗೆ ಬೆಲೆ ಹೆಚ್ಚು. ಹಾಗೆ ಕೂಡಿಸಿದಾಗ ಸ್ಪಷ್ಟವಾಗಿ ಮೂಡುವ ಚಿತ್ರವೆಂದರೆ, ರಾಮರಾಯ ಈ ಸುಲ್ತಾನರಿಗೆ ಹೊರಗಿನವನಾಗಿರಲಿಲ್ಲ ಎಂಬುದು. ಅವನು ವಯಸ್ಸಿನಲ್ಲಿ ಚಿಕ್ಕವನಿದ್ದಾಗ ಗೋಲ್ಕೊಂಡದ ಕುಲಿ ಕುತುಬಶಾಹನ ಸೇವೆಯಲ್ಲಿದ್ದ ಎಂದು ಗೋಲ್ಕೊಂಡದ ಚರಿತ್ರೆಯೇ ಹೇಳುತ್ತದೆ. ಇಬ್ರಾಹಿಂ ಕುತುಬಶಾಹ ಅಣ್ಣನಿಗೆ ಹೆದರಿ ಓಡಿಬಂದು ಏಳು ವರ್ಷ ವಿಜಯನಗರದಲ್ಲಿ ಆಶ್ರಯ ಪಡೆದಿದ್ದ. ರಿಚರ್ಡ್ ಈಟನ್ 2005ರಲ್ಲಿ ಪ್ರಕಟಿಸಿದ ದಖನ್ನಿನ ಸಾಮಾಜಿಕ ಚರಿತ್ರೆಯಲ್ಲಿ ರಾಮರಾಯನಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು ಈ ಎಳೆಗಳನ್ನು ಹೆಣೆದದ್ದು ಇಂಥ ಓದಿನಿಂದಲೇ.

ಒಪ್ಪಿಗೆಯಂತೆ ಭಿನ್ನಾಭಿಪ್ರಾಯವೂ ಕೆಲಸಕ್ಕೆ ಬರುವ ವಸ್ತು. ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ಮುಸ್ಲಿಂ ಸೇನಾಪತಿಗಳು ಕಾಳಗದ ನಡುವೆ ಪಕ್ಷ ಬದಲಿಸಿದರು ಎಂಬ ಮಾತನ್ನು ಈಗ ಹೆಚ್ಚುಕಡಿಮೆ ಎಲ್ಲ ಪ್ರಬಂಧಗಳೂ ಹೇಳುತ್ತವೆ. ಇದು ಬರುವುದು ಫೆದೆರಿಚಿಯ ಪ್ರವಾಸ ಕಥನದಿಂದ. ಅವನು ವಿಜಯನಗರಕ್ಕೆ ಬಂದದ್ದು 1567ರಲ್ಲಿ, ಅಲ್ಲಿ ಏಳು ತಿಂಗಳು ಇದ್ದ. ಪುಸ್ತಕ ಅಚ್ಚಾದದ್ದು 1587ರಲ್ಲಿ. ಅವನು ಯುದ್ಧ ನೋಡಿದವನಲ್ಲ. ಆದರೆ ಪಾಳುಬಿದ್ದ ರಾಜಧಾನಿಯಲ್ಲಿ, ಎರಡೇ ವರ್ಷಗಳ ನಂತರ, ಸೋತವರ ಊರಿನ ಜನರ ನಡುವೆ ಇದ್ದವನು. ಫರಿಶ್ತಾನ ವಿವರಣೆಯಲ್ಲಿ ಈ ದ್ರೋಹದ ಕಥೆ ಇಲ್ಲ. ಈಗ ವಿದ್ಯಾರ್ಥಿ ಏನು ಮಾಡಬೇಕು? ಗೆದ್ದವರು ದ್ರೋಹದಿಂದ ಗೆದ್ದೆವು ಎಂದು ಬರೆದುಕೊಳ್ಳುವುದಿಲ್ಲ, ಆದ್ದರಿಂದ ಫರಿಶ್ತಾನ ಮೌನದಿಂದ ದ್ರೋಹ ನಡೆಯಲಿಲ್ಲ ಎಂದು ತೀರ್ಮಾನಿಸಲಾಗದು. ಸೋತವರು ಸೋಲಿಗೆ ಒಳಗಿನ ದ್ರೋಹಿಯನ್ನು ಹುಡುಕುವುದೂ ಲೋಕದಲ್ಲೆಲ್ಲ ಇದ್ದದ್ದೇ, ಆದ್ದರಿಂದ ಫೆದೆರಿಚಿ ಕೇಳಿದ್ದನ್ನು ನಡೆದದ್ದೆಂದೇ ಬರೆಯಲಾಗದು. 'ಯುದ್ಧವಾದ ಎರಡು ವರ್ಷಕ್ಕೆ ವಿಜಯನಗರದಲ್ಲಿ ಇಂಥ ಮಾತು ಓಡಾಡುತ್ತಿತ್ತು' ಎಂದು ಬರೆದರೆ ಅದು ಖಚಿತ. ಅದಕ್ಕಿಂತ ಹೆಚ್ಚು ಹೇಳುವವನು ಹೆಚ್ಚಿನ ಆಧಾರ ಕೊಡಬೇಕು. ಫೆದೆರಿಚಿ ಆ ಸೇನಾಪತಿಗಳ ಹೆಸರು ಹೇಳುವುದಿಲ್ಲ. ಇತ್ತೀಚಿನ ಜನಪ್ರಿಯ ಬರಹಗಳಲ್ಲಿ ಅವರಿಗೆ ಹೆಸರೂ ಬಂದಿದೆ, ಮನೆತನವೂ ಬಂದಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬಂತೆ ಪ್ರಬಂಧಕಾರರು ಆ ಹೆಸರುಗಳನ್ನೂ ಎತ್ತಿ ಬರೆಯುತ್ತಿದ್ದಾರೆ. ಒಂದು ವಿವರ ಕಾಲ ಕಳೆದಂತೆ ತೆಳುವಾಗುವ ಬದಲು ದಪ್ಪವಾಗುತ್ತಾ ಹೋದರೆ ಸಂಶೋಧಕನಿಗೆ ಅನುಮಾನ ಬರಬೇಕು.

ಅಂಕಿಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ರಾಮರಾಯನ ಸೈನ್ಯ 6 ಲಕ್ಷ ಕಾಲಾಳು, 1 ಲಕ್ಷ ಕುದುರೆ ಎಂಬ ಲೆಕ್ಕವನ್ನು ಸೀವೆಲ್ 'ಕೂಟೊನ ಪ್ರಕಾರ' ಎಂಬ ಎಚ್ಚರದೊಡನೆ ಕೊಡುತ್ತಾರೆ. ಪ್ರಬಂಧಕ್ಕೆ ಬರುವಾಗ ಆ 'ಕೂಟೊನ ಪ್ರಕಾರ' ಉದುರಿಹೋಗಿ ಅಂಕಿ ಮಾತ್ರ ಉಳಿಯುತ್ತದೆ. ಇನ್ನು ಪಾಯಸ್, ನೂನಿಜರ ಕಥನಗಳು. ಸೀವೆಲ್ ತಮ್ಮ ಗ್ರಂಥದಲ್ಲಿ ಇವೆರಡರ ಅನುವಾದವನ್ನೂ ಸೇರಿಸಿದ್ದರಿಂದ ನಮ್ಮವರು ಅವನ್ನು 1565ರ ರಾಜಧಾನಿಯ ವೈಭವಕ್ಕೆ ಸಾಕ್ಷಿಯಾಗಿ ಧಾರಾಳವಾಗಿ ಬಳಸುತ್ತಾರೆ. ಪಾಯಸ್ ಬಂದದ್ದು ಕೃಷ್ಣದೇವರಾಯನ ಕಾಲದಲ್ಲಿ, ನೂನಿಜ್ ಬರೆದದ್ದು ಅಚ್ಯುತರಾಯನ ಕಾಲದಲ್ಲಿ. ಅವರು ಕಂಡ ಪೇಟೆ ಬೇರೆ ತಲೆಮಾರಿನದು. ಆಕರಗಳನ್ನು ಕೂಡಿಸುವ ಮೊದಲು ಒಂದು ಹಾಳೆಯ ಮೇಲೆ ಅವುಗಳ ಹುಟ್ಟಿದ ವರ್ಷ, ಬರೆದವನ ಊರು, ಅವನ ಒಡೆಯ, ಕಂಡದ್ದೋ ಕೇಳಿದ್ದೋ ಎಂಬ ನಾಲ್ಕು ಕಲಮು ಹಾಕಿ ಬರೆದುಕೊಂಡರೆ ಇಂಥ ಅನಾಹುತಗಳಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ.

ಬರಹದ ಆಕರಗಳ ಜೊತೆ ಕಲ್ಲನ್ನೂ ಕೇಳಬೇಕು. ಹಂಪಿಯಲ್ಲಿ ಅಹಮದ್ ಖಾನ್ ಎಂಬ ಅಧಿಕಾರಿ 1439ರಲ್ಲಿ ಕಟ್ಟಿಸಿದ ಮಸೀದಿಯಿದೆ. ಅದರ ಕನ್ನಡ ಶಾಸನ ಆ ಕಟ್ಟಡವನ್ನು ಧರ್ಮಸಾಲೆ ಎನ್ನುತ್ತದೆ, ಅದರ ಪುಣ್ಯ ದೇವರಾಯನಿಗೆ ಸಲ್ಲಲಿ ಎನ್ನುತ್ತದೆ. ವಿಜಯನಗರದ ಅರಸರು ಹದಿನಾಲ್ಕನೆಯ ಶತಮಾನದಿಂದಲೇ 'ಹಿಂದೂರಾಯ ಸುರತ್ರಾಣ' ಎಂಬ ಬಿರುದು ಹೊತ್ತಿದ್ದರು. ಸುರತ್ರಾಣ ಎಂದರೆ ಸುಲ್ತಾನನೇ. ಅವರ ಆಸ್ಥಾನದವರು ತೊಡುತ್ತಿದ್ದ ಕಬಾಯಿ, ತಲೆಗಿಡುತ್ತಿದ್ದ ಕುಲ್ಲಾಯಿ ಎರಡೂ ಅರಬಿ-ಪಾರಸಿಯ ಮೂಲದ ಮಾತುಗಳು. ಉರ್ದು ಕನ್ನಡ ಎರಡನ್ನೂ ಓದಿದವರಿಗೆ ಇವು ಮೊದಲ ನೋಟಕ್ಕೇ ಗುರುತು ಸಿಗುತ್ತವೆ. ಫಿಲಿಪ್ ವ್ಯಾಗನರ್ 1996ರ ತಮ್ಮ ಲೇಖನದಲ್ಲಿ ಈ ಉಡುಪು, ಬಿರುದುಗಳನ್ನೇ ಆಧಾರವಾಗಿಟ್ಟುಕೊಂಡು ಎರಡು ಆಸ್ಥಾನಗಳ ಕೊಡುಕೊಳೆಯನ್ನು ವಿವರಿಸಿದರು. ಇಂಥ ಸಾಕ್ಷಿ ಯುದ್ಧದ ಕಾರಣವನ್ನು ನೇರವಾಗಿ ಹೇಳುವುದಿಲ್ಲ. ಎರಡು ಲೋಕಗಳು ಗೋಡೆ ಕಟ್ಟಿಕೊಂಡು ನಿಂತಿದ್ದವು ಎಂಬ ಊಹೆಯ ಮೇಲೆ ಪ್ರಬಂಧ ಕಟ್ಟಬಾರದೆಂದು ಮಾತ್ರ ಎಚ್ಚರಿಸುತ್ತದೆ.

ಇಲ್ಲಿಗೆ ಬಂದಾಗ ನಮ್ಮವರೇ ಆದ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳಲೇಬೇಕು. ಮುಸ್ಲಿಂ ವಿದ್ಯಾರ್ಥಿಯೊಬ್ಬ ಈ ವಿಷಯ ಎತ್ತಿಕೊಂಡಾಗ ಅವನ ಎದೆಯಲ್ಲಿ ಒಂದು ಅಳುಕು ಇರುತ್ತದೆ. ಹಂಪಿಯ ಮುರಿದ ವಿಗ್ರಹಗಳ ಮುಂದೆ ಗೈಡು ಹೇಳುವ ಮಾತು ಕೇಳಿ, ಜೊತೆಗಿದ್ದವರು ತನ್ನ ಕಡೆ ತಿರುಗಿ ನೋಡಿದ ನೋಟವನ್ನು ಅವನು ಮರೆತಿರುವುದಿಲ್ಲ. ಹೀಗಾಗಿ ಅವನ ಪ್ರಬಂಧ ವಕಾಲತ್ತಾಗುತ್ತದೆ. ಆಶ್ರಯ ಕೊಟ್ಟದ್ದು, ಮಗನೆಂದು ಕರೆದದ್ದು, ಧರ್ಮಸಾಲೆ, ಕುಲ್ಲಾಯಿ ಎಲ್ಲವನ್ನೂ ವಿಸ್ತಾರವಾಗಿ ಬರೆದು, ರಾಜಧಾನಿಯ ಲೂಟಿಯನ್ನು ಅರ್ಧ ಸಾಲಿನಲ್ಲಿ ಮುಗಿಸುತ್ತಾನೆ. ಕೆಲವರು ಅದನ್ನೂ ಬರೆಯುವುದಿಲ್ಲ. ಇದು ಸಲ್ಲದು. ಕೊಳ್ಳೆ, ಬೆಂಕಿ, ದೇಗುಲಗಳ ಹಾನಿ ಇವನ್ನು ಗೆದ್ದವರ ಬರಹಗಾರರೇ ಮುಚ್ಚಿಟ್ಟಿಲ್ಲ, ಕೆಲವರು ಹೆಮ್ಮೆಯಿಂದಲೇ ಹೇಳಿಕೊಂಡಿದ್ದಾರೆ. ಅದನ್ನು ನುಂಗಿ ಹಾಕಿದವನ ಉಳಿದ ಮಾತುಗಳನ್ನು, ಅವು ಎಷ್ಟೇ ನಿಜವಾಗಿದ್ದರೂ, ಯಾರೂ ನಂಬುವುದಿಲ್ಲ. ನಾನೂರು ವರ್ಷ ಹಿಂದಿನ ಸುಲ್ತಾನನ ಪರ ವಾದಿಸುವ ಹೊಣೆ ಇಂದಿನ ಯಾವ ಹುಡುಗನ ಮೇಲೂ ಇಲ್ಲ. ಆ ಹೊಣೆಯನ್ನು ಅವನ ಹೆಗಲಿಗೆ ಹೊರಿಸುವವರಿಗೆ ಅವನು ಕೊಡಬಹುದಾದ ಒಳ್ಳೆಯ ಉತ್ತರವೆಂದರೆ ಅದನ್ನು ಹೊರದೆ ಇರುವುದು.

ಇನ್ನೊಂದು ಕಡೆಯ ವಿದ್ಯಾರ್ಥಿಯ ಕತ್ತರಿಯೂ ಅಷ್ಟೇ ಹರಿತ. ಐದು ತಿಂಗಳ ವಿನಾಶದ ಸೀವೆಲ್ ಚಿತ್ರವನ್ನು ಅವನು ಪೂರ್ತಿ ಎತ್ತಿಕೊಳ್ಳುತ್ತಾನೆ. ಮನೆಗಳು ಇನ್ನೂ ನಿಂತಿದ್ದವು, ಆದರೆ ಖಾಲಿಯಾಗಿದ್ದವು ಎಂಬ ಫೆದೆರಿಚಿಯ ಮಾತನ್ನು ಬಿಡುತ್ತಾನೆ. ರಾಮರಾಯನ ತಮ್ಮ ತಿರುಮಲ ಊರಿಗೆ ಮರಳಿ ಬಂದು ಅದನ್ನು ಮತ್ತೆ ನೆಲೆಗೊಳಿಸಲು ನೋಡಿದ್ದು, ವ್ಯಾಪಾರಿಗಳಿಂದ ಕುದುರೆ ತರಿಸಿಕೊಂಡು ಹಣ ಕೊಡದೆ ಹೋದದ್ದು, ಕೊನೆಗೆ ಪೆನುಗೊಂಡೆಗೆ ಹೊರಟದ್ದು ಇವೂ ಅದೇ ಫೆದೆರಿಚಿಯಲ್ಲಿವೆ. ಇವನ್ನು ಸೇರಿಸಿದರೆ ಲೂಟಿ ಸಣ್ಣದಾಗುವುದಿಲ್ಲ. ಅದರ ಪಕ್ಕದಲ್ಲಿ ರಾಜಧಾನಿ ಬಿಟ್ಟುಹೋದ ಅರಸು, ನಂಬಿಕೆ ಕಳೆದುಕೊಂಡ ವ್ಯಾಪಾರ, ಗುಳೆ ಎದ್ದ ಜನ ಎಂಬ ಬೇರೆ ಕಾರಣಗಳೂ ಕಾಣುತ್ತವೆ. ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತಿದೆ ಎಂಬುದು ಹಂಪಿಗೆ ಹೋದ ಎಲ್ಲರಿಗೂ ಗೊತ್ತು. ಎಲ್ಲ ಕಟ್ಟಡಗಳೂ ಒಂದೇ ರೀತಿ ಹಾಳಾಗಲಿಲ್ಲ ಏಕೆ ಎಂದು ಕೇಳುವುದೂ ಸಂಶೋಧನೆಯೇ.

ಹಾಗಾದರೆ ಕೂಡಿಸಿ ಬರೆಯುವುದು ಹೇಗಿರುತ್ತದೆ? ಸಾಲು ನಿಲ್ಲಿಸಿ ಬರೆದರೆ ಹೀಗೆ: 'ಫರಿಶ್ತಾನ ಪ್ರಕಾರ ರಾಮರಾಯನ ಅಹಂಕಾರವೇ ಯುದ್ಧಕ್ಕೆ ಕಾರಣ. ಫೆದೆರಿಚಿಯ ಪ್ರಕಾರ ಮುಸ್ಲಿಂ ಸೇನಾಪತಿಗಳ ದ್ರೋಹವೇ ಸೋಲಿಗೆ ಕಾರಣ. ಸೀವೆಲ್ ಪ್ರಕಾರ ನಗರ ಐದು ತಿಂಗಳು ಕೊಳ್ಳೆ ಹೋಯಿತು.' ಹೆಣೆದು ಬರೆದರೆ ಹೀಗೆ ಬರೆಯಬಹುದು: 'ಯುದ್ಧದ ಕಾರಣಗಳ ಬಗ್ಗೆ ನಮಗಿರುವ ವಿವರಗಳು ಬಹುಪಾಲು ಗೆದ್ದ ಆಸ್ಥಾನಗಳಿಂದ, ಅದೂ ಕೆಲವು ದಶಕಗಳ ನಂತರ ಬಂದವು. ಅವುಗಳಲ್ಲಿ ಧರ್ಮದ ಅವಮಾನದ ಮಾತೂ ಕೋಟೆಗಳ ಬೇಡಿಕೆಯೂ ಒಟ್ಟಿಗೇ ಬರುತ್ತವೆ. ಸ್ವಲ್ಪ ಮೊದಲು ರಾಮರಾಯನ ಮಿತ್ರನಾಗಿದ್ದ ಅಲಿ ಆದಿಲಶಾಹ ಪಕ್ಷ ಬದಲಿಸಿದ್ದನ್ನು ನೋಡಿದರೆ ಕೋಟೆಗಳ ವಿವಾದವನ್ನು ಕಡೆಗಣಿಸಲಾಗದು. ಸೋತ ಕಡೆಯ ನೆನಪು ಫೆದೆರಿಚಿಯ ಮೂಲಕ ಸಿಗುತ್ತದೆ. ಅವನು ಹೇಳುವ ದ್ರೋಹಕ್ಕೆ ಫರಿಶ್ತಾನಲ್ಲಿ ಬೆಂಬಲವಿಲ್ಲ, ನಿರಾಕರಣೆಯೂ ಇಲ್ಲ.' ಎರಡನೆಯದರಲ್ಲಿ ವಿದ್ಯಾರ್ಥಿಯ ದನಿ ಇದೆ, ಆಕರಗಳು ಒಂದಕ್ಕೊಂದು ಮಾತಾಡುತ್ತಿವೆ, ಎಲ್ಲಿ ನಿಲ್ಲಬೇಕೋ ಅಲ್ಲಿ ವಾಕ್ಯ ನಿಂತಿದೆ. ಇದಕ್ಕೆ ದೊಡ್ಡ ಪಾಂಡಿತ್ಯ ಬೇಕಿಲ್ಲ. ತಾಳ್ಮೆ ಬೇಕು, ತನ್ನ ತೀರ್ಮಾನವನ್ನು ಕೊನೆಯವರೆಗೆ ಕಟ್ಟಿಡುವ ಸಂಯಮ ಬೇಕು.

ಪಾರಸಿ ಬಾರದು ಎಂಬ ನೆಪವೂ ಈಗ ಹಿಂದಿನಷ್ಟು ಗಟ್ಟಿಯಾಗಿಲ್ಲ. ವಿಜಯಪುರದ ಹಳಕಟ್ಟಿ ಸಂಶೋಧನ ಕೇಂದ್ರವು ಆದಿಲಶಾಹಿ ಕಾಲದ ಸಾಹಿತ್ಯವನ್ನು ಕನ್ನಡಕ್ಕೆ ತರುವ ಕೆಲಸ ಮಾಡಿದೆ. ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್ 1919ರಲ್ಲಿ, ನೀಲಕಂಠ ಶಾಸ್ತ್ರಿ ಮತ್ತು ವೆಂಕಟರಮಣಯ್ಯ 1946ರಲ್ಲಿ ವಿಜಯನಗರದ ಆಕರಗಳನ್ನು ಸಂಕಲಿಸಿ ಕೊಟ್ಟಿದ್ದಾರೆ. ಫರಿಶ್ತಾ ಉರ್ದುವಿನಲ್ಲಿಯೂ ಓದಲು ಸಿಗುತ್ತಾನೆ. ಉರ್ದು ಬಲ್ಲ ಮುಸ್ಲಿಂ ವಿದ್ಯಾರ್ಥಿ ಮತ್ತು ಹಳಗನ್ನಡ ಬಲ್ಲ ಅವನ ಸಹಪಾಠಿ ಒಂದೇ ಮೇಜಿನ ಮುಂದೆ ಕೂತರೆ ಇಬ್ಬರ ಪ್ರಬಂಧವೂ ಬೆಳೆಯುತ್ತದೆ. ಹಾಗೆ ಕೂರಿಸುವ ಮಾರ್ಗದರ್ಶಕರು ವಿರಳ ಎಂಬುದು ಬೇಸರದ ಸಂಗತಿ.

ಮಾರ್ಗದರ್ಶಕರ ಗಮನವೆಲ್ಲ ಈಗ ನಕಲಿನ ಶೇಕಡಾವಾರಿನ ಮೇಲಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಗಳ ಪ್ರಕಾರ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ನಿಯಮ ಬೇಕಾದದ್ದೇ. ಆದರೆ ಹತ್ತು ಪುಸ್ತಕಗಳ ಮಾತನ್ನು ಬೇರೆ ಪದಗಳಲ್ಲಿ ತಿರುಗಿಸಿ ಬರೆದವನು ಆ ಜರಡಿಯಲ್ಲಿ ಸಲೀಸಾಗಿ ಇಳಿದು ಹೋಗುತ್ತಾನೆ. ಸಾಕ್ಷಿ ತೂಗದ ತಪ್ಪನ್ನು ಯಾವ ತಂತ್ರಾಂಶವೂ ಹಿಡಿಯದು. 2022ರ ಕೊನೆಯಿಂದ ಕೃತಕ ಬುದ್ಧಿಮತ್ತೆಯ ಯಂತ್ರಗಳು ವಿದ್ಯಾರ್ಥಿಗಳ ಕೈಗೆ ಬಂದಿವೆ. ಹತ್ತು ಲೇಖನ ಹಾಕಿದರೆ ಅರೆಗಳಿಗೆಯಲ್ಲಿ ನುಣುಪಾದ ಸಾರಾಂಶ ಬರುತ್ತದೆ. ಆ ನುಣುಪಿನಲ್ಲಿ ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಎಷ್ಟು ಅನುಮಾನದಿಂದ ಹೇಳಿದ್ದು ಎಂಬ ಏರುಪೇರುಗಳು ಸುಲ
ಭವಾಗಿ ಅಳಿಸಿಹೋಗುತ್ತವೆ. ಕೂಡಿಸುವ ಕೆಲಸದಲ್ಲಿ ಉಳಿಸಿಕೊಳ್ಳಬೇಕಾದದ್ದು ಆ ಏರುಪೇರುಗಳನ್ನೇ.

ಕಥೆ ಬರೆಯುವ ನಮಗೆ ಇದರ ಉಸಾಬರಿ ಏಕೆ ಎಂದು ಕೆಲವರು ಕೇಳಿಯಾರು. ಕಥೆಗಾರನಿಗೆ ಒಂದು ಸ್ವಾತಂತ್ರ್ಯವಿದೆ. ಗಿರೀಶ ಕಾರ್ನಾಡರು 2018ರಲ್ಲಿ 'ರಾಕ್ಷಸ-ತಂಗಡಿ' ನಾಟಕ ಬರೆದಾಗ ರಾಮರಾಯನ ಮನಸ್ಸಿನೊಳಕ್ಕೆ ಹೊಕ್ಕರು. ನಾಟಕಕಾರ ಹಾಗೆ ಹೊಗಬಹುದು, ಆಕರ ಮೌನವಾಗಿರುವಲ್ಲಿ ಮಾತು ಕಲ್ಪಿಸಬಹುದು. ಪ್ರೇಕ್ಷಕನಿಗೂ ಅದು ನಾಟಕವೆಂದು ಗೊತ್ತಿರುತ್ತದೆ. ಪ್ರಬಂಧಕಾರನಿಗೆ ಆ ಅವಕಾಶವಿಲ್ಲ. ಅವನು ಕಲ್ಪಿಸಿದ್ದನ್ನೂ ಓದುಗ ನಡೆದದ್ದೆಂದೇ ಓದುತ್ತಾನೆ. ಕಥೆಗೂ ಚರಿತ್ರೆಗೂ ನಡುವಿನ ಈ ಗೆರೆ ಅಳಿಸಿಹೋದರೆ ನಷ್ಟ ಎರಡಕ್ಕೂ ಆಗುತ್ತದೆ.

ಇಂದು ಪ್ರಬಂಧ ಬರೆಯುವವರಲ್ಲಿ ಅನೇಕರು ನಾಳೆ ಪ್ರೌಢಶಾಲೆಗಳಲ್ಲಿ, ಪದವಿಪೂರ್ವ ಕಾಲೇಜುಗಳಲ್ಲಿ ಇತಿಹಾಸ ಕಲಿಸಲು ಹೋಗುತ್ತಾರೆ. ತಾಳಿಕೋಟೆಯ ಪಾಠ ಬಂದ ದಿನ ಅವರ ಮುಂದಿನ ಬೆಂಚುಗಳಲ್ಲಿ ಎಲ್ಲ ಮನೆಗಳ ಮಕ್ಕಳೂ ಕೂತಿರುತ್ತಾರೆ. ಮೇಷ್ಟ್ರು ಅಂದು ಒಂದೇ ಸಾಕ್ಷಿಯ ಮಾತನ್ನು ಹತ್ತು ಪುಸ್ತಕಗಳ ಬಲದಿಂದ ಹೇಳುತ್ತಾರೋ, 'ಇದನ್ನು ಹೇಳಿದವರು ಇಂಥವರು, ಅವರು ನಿಂತ ಜಾಗ ಇದು, ಇದರಾಚೆಗೆ ನಮಗೆ ತಿಳಿಯದು' ಎಂದು ಹೇಳುತ್ತಾರೋ ಎಂಬುದು ಅವರು ತಮ್ಮ ಪ್ರಬಂಧವನ್ನು ಹೇಗೆ ಬರೆದರು ಎಂಬುದರ ಮೇಲೆ ಬಹಳಷ್ಟು ನಿಂತಿದೆ.